ಹೆಗಲಿನ ತಗ್ಗು

ನಾನು ಹೊಡೆದ ಹತ್ತು ಗುಂಡುಗಳಲ್ಲಿ ಎರಡು ಪೂನಮ್‌ಳ ಟಾರ್ಗೆಟ್ಟಿಗೆ ಹೋಗಿ ಬಿದ್ದಿದ್ದವು. ಅವಳು ಹೊಡೆದದ್ದು ಹತ್ತು, ಅವಳ ಹಾಳೆಯಲ್ಲಿ ತೂತು ಹನ್ನೆರಡು. ನನ್ನ ಹಾಳೆ ಮಾತ್ರ ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಸ್ವಚ್ಛವಾಗಿತ್ತು. ಒಂದು ಗುಂಡು ಮೂಲೆಯನ್ನು ಕೆರೆದುಕೊಂಡು ಹೋಗಿದ್ದು ಬಿಟ್ಟರೆ ಏನೂ ಇರಲಿಲ್ಲ. ಸವದತ್ತಿ ಕಡೆಯ ಗುಡ್ಡದ ಬುಡದಲ್ಲಿ ಫೈರಿಂಗ್ ಮೈದಾನ. ನಮ್ಮ ಬ್ಯಾಚಿನ ಹೆಣ್ಣುಮಕ್ಕಳೆಲ್ಲ ಖಾಕಿ ತೊಟ್ಟು ಸಾಲಾಗಿ ನಿಂತಿದ್ದರು. ಉಸ್ತಾದ್ ಭರಮಪ್ಪ ಸಾಹೇಬರು ಎರಡೂ ಹಾಳೆಗಳನ್ನು ಎತ್ತಿ ಹಿಡಿದು, ಉಮಾಶ್ರೀ ಇವತ್ತು ಪೂನಮ್‌ಗೆ ಎರಡು ಗುಂಡು ಉಡುಗೊರೆ ಕೊಟ್ಟು ಆಹೇರಿ ಮಾಡಿದ್ದಾಳೆ, ಪೂನಮ್ ಹೋಳಿಗೆ ಊಟ ಹಾಕಿಸಬೇಕು ಎಂದರು. ಎಲ್ಲರೂ ನಕ್ಕರು. ರಾಮದುರ್ಗದ ಪೂನಮ್ ಒಬ್ಬಳೇ ನಗಲಿಲ್ಲ. ಅವಳು ನಗದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ನಾನು ಮೊದಲಿನಿಂದಲೂ ಸಿಡುಕಿ. ಪೊಲೀಸ್ ತರಬೇತಿಯ ಓಟದಲ್ಲಿ ನಾನೇ ಮುಂದೆ, ಕಾನೂನಿನ ಪರೀಕ್ಷೆಯಲ್ಲಿ ನಾನೇ ಮುಂದೆ, ಮಾತಿನಲ್ಲಂತೂ ಕೇಳಲೇಬೇಡಿ. ಎಸ್‌ಎಲ್‌ಆರ್ ಬಂದೂಕು ಕೈಗೆ ಬಂದರೆ ಮಾತ್ರ ಆ ಉಮಾಶ್ರೀ ಎಲ್ಲಿ ಹೋಗುತ್ತಿದ್ದಳೋ ದೇವರಿಗೇ ಗೊತ್ತು. ಗುಂಡು ಹಾರಿದ ಕೂಡಲೇ ಬಂದೂಕು ಹಿಂದಕ್ಕೆ ಒದೆಯುತ್ತದೆ. ಒದೆತ ತಿಂದ ಮೇಲೆ ಕಣ್ಣು ಮುಚ್ಚಿದರೆ ಅದೊಂದು ಮಾತು. ನನ್ನ ಕಣ್ಣು ಮುಚ್ಚುತ್ತಿದ್ದದ್ದು ಒದೆತಕ್ಕೂ ಮೊದಲೇ.

ಅದೂ ಎಲ್ಲರೆದುರು ಗೊತ್ತಾಯಿತು. ಭರಮಪ್ಪ ಸಾಹೇಬರು ಒಂದು ಸಲ ನನಗೆ ಹೇಳದೆ ಖಾಲಿ ಬಂದೂಕನ್ನು ಕೈಗೆ ಕೊಟ್ಟರು. ಗುಂಡು ಇದೆ ಎಂದುಕೊಂಡು ಮಲಗಿ, ಗುರಿ ಇಟ್ಟು, ಟ್ರಿಗರ್ ಎಳೆದೆ. ಟಕ್ ಎಂದಿತು, ಅಷ್ಟೇ. ಗುಂಡು ಹಾರಲಿಲ್ಲ, ಒದೆತ ಬರಲಿಲ್ಲ. ಆದರೆ ನನ್ನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಹೆಗಲು ಹಿಂದಕ್ಕೆ ಜಿಗಿದಿತ್ತು, ಬಂದೂಕಿನ ಮೂತಿ ನೆಲಕ್ಕೆ ಬಾಗಿತ್ತು. ಹೊಡೆಯದೇ ಇದ್ದ ಗುಂಡಿಗೆ ನಾನು ಬೆದರಿದ್ದೆ. ಮದುವೆಯಾಗಿ ಮಗುವಿನ ತಾಯಿಯಾದವಳು ನಾನು. ನನಗಿಂತ ಏಳೆಂಟು ವರ್ಷ ಸಣ್ಣ ಹುಡುಗಿಯರ ಮುಂದೆ ಮಣ್ಣಲ್ಲಿ ಮುಖವಿಟ್ಟುಕೊಂಡು ಏಳದೆ ಮಲಗಿದ್ದೆ.

ಆ ಸಂಜೆ ಪೂನಮ್ ನನ್ನ ಮಂಚದ ಹತ್ತಿರ ಬಂದು ಮೆಲ್ಲಗೆ ಒಂದು ಮಾತು ಹೇಳಿದಳು.

"ಅಕ್ಕಾ, ಸಿಟ್ಟಾಗಬ್ಯಾಡ. ನೀ ಬಂದೂಕು ಹಿಡಿಯಾಕ ಹತ್ತಿಲ್ಲ, ಸೆರಗು ಹಿಡಿಯಾಕ ಹತ್ತೀದಿ. ಎದಿ ಮುದುಡಿಕೊಂಡು ಮಲಗತಿ."

ಸಿಟ್ಟಾಗಬೇಡ ಎಂದರೆ ನನಗೆ ಸಿಟ್ಟು ಬರದೇ ಇರುತ್ತದೆಯೇ? ನಿನಗೆ ನಾಚಿಕೆ ಮಾನ ಇಲ್ಲದಿದ್ದರೆ ನನಗೆ ಇದೆ, ನಮ್ಮ ಮನೆಯಲ್ಲಿ ಹಾಗೆ ಬೆಳೆಸಿಲ್ಲ ಎಂದುಬಿಟ್ಟೆ. ನಾಲ್ಕು ಮಂಚದಾಚೆಗೂ ಕೇಳುವ ಹಾಗೆ ಎಂದೆ. ಅವಳು ತನ್ನ ಮಂಚಕ್ಕೆ ಹೋದಳು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುವಂತಾಗುತ್ತದೆ.

ಫೇಲಾದವರಿಗೆ ದೀಪಾವಳಿ ರಜೆಯ ನಂತರ ಇನ್ನೊಂದು ಅವಕಾಶ ಎಂದರು. ಅದರಲ್ಲೂ ಆಗದಿದ್ದರೆ ಮುಂದಿನ ಬ್ಯಾಚಿನ ಜೊತೆ ಮತ್ತೆ ಮೊದಲಿನಿಂದ ತರಬೇತಿ. ನನ್ನ ಯಜಮಾನರು ಪುಣೆ ಲೈನಿನ ಲಾರಿ ಓಡಿಸುವವರು. ಅವರಿಗೆ ಫೋನಿನಲ್ಲಿ ಸುದ್ದಿ ಹೇಳಿದೆ.

"ಈ ಸರ್ತಿ ಆಗಲಿಲ್ಲಂದ್ರ ಬಿಟ್ಟು ಬಂದುಬಿಡು," ಎಂದರು. "ಕೂಸು ನಿನ್ನ ಮರೀಲಿಕ್ಕೆ ಹತ್ತೈತಿ."

ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ರಜೆಗೆ ಬಂದು ನೇಸರಗಿಯ ನಮ್ಮ ಮನೆಯ ಹೊಸ್ತಿಲು ದಾಟಿದಾಗ ನನ್ನ ನಾಲ್ಕು ವರ್ಷದ ಶೀತಲ ನನ್ನನ್ನು ನೋಡಿ ಓಡಿದ್ದು ಅಜ್ಜಿಯ ಹಿಂದಕ್ಕೆ. ಸೀರೆಯ ಮರೆಯಿಂದ ಇಣುಕಿ, ಯಾರವರು ಎನ್ನುವ ಹಾಗೆ ನೋಡಿದಳು. ಅವಳಿಗೆಂದು ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಕೊಂಡ ಬಳೆಯ ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು. ಪಾಸಾದರೆ ಕೆಲವೇ ವಾರಗಳಲ್ಲಿ ಹತ್ತಿರದ ಯಾವುದಾದರೂ ಠಾಣೆಗೆ ಬಂದು ಅವಳ ಜೊತೆ ಇರಬಹುದು. ಫೇಲಾದರೆ ನೌಕರಿ ಬಿಡಬೇಕು, ಇಲ್ಲವೇ ಮಗಳನ್ನು ಬಿಡಬೇಕು.

ಅಭ್ಯಂಜನದ ದಿನ ಅತ್ತೆ ಸಿದ್ದಲಿಂಗವ್ವ ನನ್ನ ಬೆನ್ನಿಗೆ ಎಣ್ಣೆ ಹಚ್ಚಲು ಬಂದು ತೋಳು ನೋಡಿದರು. ಬಲಗಡೆ ಹೆಗಲಿನ ಕೆಳಗೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಯಾರು ಹೊಡೆದರು ಎಂದು ಕೇಳಿದರು, ಅದೂ ತಮ್ಮ ಮಗನ ಮೇಲೆ ಅರ್ಧ ಅನುಮಾನ ಇಟ್ಟುಕೊಂಡು. ಬಂದೂಕು ಎಂದೆ. ಅಳಬಾರದು ಎಂದುಕೊಂಡಿದ್ದೆ, ಫೇಲಾದದ್ದನ್ನೆಲ್ಲ ಹೇಳಿ ಅತ್ತುಬಿಟ್ಟೆ. ಅತ್ತೆ ಎಣ್ಣೆಯ ಬಟ್ಟಲು ಕೆಳಗಿಟ್ಟು, ಅಡುಗೆಮನೆಯಿಂದಲೇ ಪಡಸಾಲೆಗೆ ಕೇಳುವ ಹಾಗೆ ಎಲ್ಲವನ್ನೂ ಒದರಿದರು. ಪಡಸಾಲೆಯಲ್ಲಿ ನನ್ನ ಭಾವ ಕೂತಿದ್ದರು.

ಭಾವನವರ ಹೆಸರು ಮಹಾದೇವ. ಬರೆಯುತ್ತಿದ್ದೇನೆ, ಬಾಯಿಬಿಟ್ಟು ಎಂದೂ ಹೇಳಿದವಳಲ್ಲ. ನನ್ನ ಯಜಮಾನರ ಅಣ್ಣ. ಸೈನ್ಯದಲ್ಲಿ ಹವಾಲ್ದಾರರಾಗಿದ್ದು, ಹೊಸ ಸಿಪಾಯಿಗಳಿಗೆ ಫೈರಿಂಗ್ ಕಲಿಸಿ, ಪಿಂಚಣಿ ಪಡೆದು ಬಂದವರು. ಈಗ ಬೈಲಹೊಂಗಲದ ಒಂದು ಬ್ಯಾಂಕಿನ ಬಾಗಿಲಲ್ಲಿ ಕಾವಲು. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು, ಮಕ್ಕಳಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ನನ್ನ ಜೊತೆ ನೇರವಾಗಿ ಒಂದು ಮಾತನ್ನೂ ಆಡಿದವರಲ್ಲ, ನಾನು ಅವರ ಮುಖವನ್ನು ನೆಟ್ಟಗೆ ನೋಡಿದವಳಲ್ಲ. ನಮ್ಮಲ್ಲಿ ಭಾವ ಎಂದರೆ ಹಾಗೆಯೇ. ಅವರ ಕೆಮ್ಮು ಕೇಳಿದರೆ ನನ್ನ ಸೆರಗು ತಾನಾಗಿ ತಲೆಗೆ ಏರುತ್ತದೆ, ನನ್ನ ಬಳೆ ಸಪ್ಪಳ ಕೇಳಿದರೆ ಅವರ ಮುಖ ತಾನಾಗಿ ಗೋಡೆಗೆ ತಿರುಗುತ್ತದೆ. ಚಹಾ ಬೇಕಾದರೂ ಅತ್ತೆಯ ಮೂಲಕ, ಬೇಡವಾದರೂ ಅತ್ತೆಯ ಮೂಲಕ.

ಮರುದಿನ ಸಂಜೆ ಡ್ಯೂಟಿಯಿಂದ ಬರುವಾಗ ಬಡಿಗೇರರ ಹತ್ತಿರ ಜಾಲಿ ಕಟ್ಟಿಗೆಯ ಒಂದು ಬಂದೂಕು ಮಾಡಿಸಿಕೊಂಡು ಬಂದರು. ತೂಕವೂ ಹೆಚ್ಚುಕಡಿಮೆ ಅಸಲಿಯದೇ. ಹಿತ್ತಲಲ್ಲಿ ಎಮ್ಮೆ ಕಟ್ಟುವ ಕಡೆ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತರು. ಅಲ್ಲಿಂದ ಪಾಠ ಶುರುವಾಯಿತು.

ಅದೊಂದು ತಮಾಷೆ ನೋಡಬೇಕಿತ್ತು. ಭಾವನವರು ಎಮ್ಮೆಯ ಮುಖ ನೋಡಿಕೊಂಡು, ಯವ್ವಾ, ಆಕೆಗೆ ಮೊಣಕೈ ಅಗಲ ಮಾಡಲು ಹೇಳು ಎನ್ನುವರು. ಮೂರು ಮಾರು ದೂರದಲ್ಲಿ ಗೋಣಿತಾಟಿನ ಮೇಲೆ ಬೋರಲು ಮಲಗಿದ ನನಗೆ ಅದು ಸ್ಪಷ್ಟ ಕೇಳಿರುತ್ತಿತ್ತು. ಆದರೂ ಅತ್ತೆ ನನ್ನ ಕಡೆ ತಿರುಗಿ, ಮೊಣಕೈ ಅಗಲ ಮಾಡಬೇಕಂತೆ ಎಂದು ಹೇಳುವವರೆಗೆ ನಾನು ಅಲುಗುತ್ತಿರಲಿಲ್ಲ. ಎಮ್ಮೆ ಮಾತ್ರ ಎಲ್ಲವನ್ನೂ ನೇರವಾಗಿ ಕೇಳುತ್ತಿತ್ತು. ಪರೀಕ್ಷೆ ಇಟ್ಟಿದ್ದರೆ ಅದೇ ಪಾಸಾಗುತ್ತಿತ್ತು.

ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರಿನ ಬೆರಳು ಎಳೆಯಬೇಕು. ಉಸಿರು ಅರ್ಧ ಬಿಟ್ಟು ನಿಲ್ಲಿಸಬೇಕು. ಒದೆತದ ಅಭ್ಯಾಸಕ್ಕೆ ಅತ್ತೆ ಕಟ್ಟಿಗೆ ಬಂದೂಕಿನ ಮೂತಿಗೆ ಕುಟ್ಟಾಣಿಯಿಂದ ಗುದ್ದಬೇಕು, ಯಾವಾಗ ಎಂದು ಹೇಳದೆ. ಸೊಸೆಗೆ ಗುದ್ದಲು ಮಗನೇ ಅಪ್ಪಣೆ ಕೊಟ್ಟಮೇಲೆ ಯಾವ ಅತ್ತೆ ಹಿಂದೆ ಸರಿದಾಳು? ಮೊದಲ ದಿನ ಮೆಲ್ಲಗೆ ಗುದ್ದಿದರು, ಆಮೇಲೆ ಹುರುಪು ಬಂತು. ಎರಡನೆಯ ದಿನ ಶೀತಲ ಕೂಡ ನಗುತ್ತ ಗೋಣಿತಾಟಿನ ತುದಿಗೆ ಬಂದು ಕೂತಳು. ನನ್ನ ಹತ್ತಿರ ಅವಳು ತಾನಾಗಿ ಬಂದದ್ದು ಅದೇ ಮೊದಲು.

ದಿನಗಳೆದಂತೆ ನಾಣ್ಯ ಬೀಳುವುದು ನಿಂತಿತು. ಭಾವನವರು ನಾಣ್ಯದ ಸಪ್ಪಳ ಬಾರದ್ದರಿಂದಲೇ ತಿಳಿದು, ಛಲೋ ಆಗುತ್ತಿದೆ ಎಂದು ಎಮ್ಮೆಗೆ ಹೇಳಿದರು. ಆದರೆ ಒಂದು ಮೋಸ ನಡೆಯುತ್ತಿತ್ತು, ಅದು ನನಗೊಬ್ಬಳಿಗೇ ಗೊತ್ತಿತ್ತು. ಬಂದೂಕಿನ ಹಿಂಬದಿಯ ಅಗಲವಾದ ಭಾಗಕ್ಕೆ ಬಟ್ ಎನ್ನುತ್ತಾರೆ. ಅದನ್ನು ಹೆಗಲಿನ ಒಳಗಿನ ತಗ್ಗಿನಲ್ಲಿ ಕೂಡಿಸಬೇಕು ಎಂದು ಅವರು ಮೊದಲ ದಿನವೇ ಹೇಳಿದ್ದರು. ಅಲ್ಲಿ ಕೂಡಿಸಬೇಕೆಂದರೆ ಹೆಗಲನ್ನು ಹಿಂದೆ ಸರಿಸಿ ಎದೆ ತೆರೆದು ಮಲಗಬೇಕು. ಹಾಗೆ ಮಾಡಿದರೆ ಸೆರಗು ಜಾರುತ್ತಿತ್ತು. ಜಾರಿದ ಕೂಡಲೇ ಅತ್ತೆ ಗುದ್ದುವುದನ್ನು ಬಿಟ್ಟು ಸೆರಗು, ಸೆರಗು ಎಂದು ಪಿಸುಗುಟ್ಟುತ್ತಿದ್ದರು. ಬೆನ್ನು ಮಾಡಿ ಕೂತಿದ್ದರೂ ಭಾವ ಭಾವನೇ. ನಾನು ಮೈ ಮುದುಡಿಕೊಂಡು, ಬಟ್ಟನ್ನು ಮೆಲ್ಲಗೆ ಹೊರಗೆ ಸರಿಸಿ, ತೋಳಿನ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಮೈದಾನದಲ್ಲೂ ನಾನು ಇಡುತ್ತಿದ್ದದ್ದು ಅಲ್ಲೇ. ಅಲ್ಲಿಗೆ ಹೋದಮೇಲೆ ಸರಿಯಾಗಿ ಇಡುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ರಜೆ ಮುಗಿಯಲು ಎರಡು ದಿನ ಇದ್ದಾಗ ಅತ್ತೆ ಕುಟ್ಟಾಣಿ ಎತ್ತಿ ಜೋರಾಗಿಯೇ ಗುದ್ದಿದರು. ಬಟ್ ತೋಳಿನಿಂದ ಜಾರಿ ಸೀದಾ ನನ್ನ ದವಡೆಗೆ ಬಡಿಯಿತು. ಅವ್ವಾ ಎಂದು ಕೂಗಿದೆ. ತುಟಿ ಒಡೆದು ರಕ್ತ ಬಂತು, ಶೀತಲ ಚೀರಿದಳು, ಮತ್ತು ಭಾವನವರು ತಿರುಗಿ ನೋಡಿದರು.

ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತು ನೋಡಿರಬಹುದು. ನನ್ನ ಸೆರಗು ಗೋಣಿತಾಟಿನ ಮೇಲೆ ಬಿದ್ದಿತ್ತು, ಬಟ್ ಮತ್ತೆ ತೋಳಿನ ಮೇಲೇ ಬಂದು ಬಿದ್ದಿತ್ತು. ಅವರ ಮುಖ ಕೆಂಪಾಗಿ ಅಲ್ಲೇ ಗೋಡೆಗೆ ತಿರುಗಿತು. ಕಟ್ಟೆಯಿಂದ ಇಳಿದು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟುಹೋದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ರಕ್ತ ಒರೆಸಿಕೊಳ್ಳುತ್ತಿದ್ದೇನೆ ಎಂದು ಅತ್ತೆ ತಿಳಿದಿರಬೇಕು. ನಾನು ಮುಖ ಮುಚ್ಚಿಕೊಂಡಿದ್ದೆ.

ಮಾರನೆಯ ದಿನ ಪಾಠ ಇರಲಿಲ್ಲ. ಭಾವನವರು ಬೆಳಿಗ್ಗೆ ಉಪ್ಪಿಟ್ಟು ತಿನ್ನದೆ ಹೋದರು, ಸಂಜೆ ಮನೆಗೆ ಬಂದು ಜಗಲಿಯಲ್ಲೇ ಉಂಡರು. ಅತ್ತೆಯ ಮೂಲಕ ಕೂಡ ಒಂದು ಮಾತಿಲ್ಲ. ಕಲಿಸುವುದಕ್ಕೆ ಒಪ್ಪಿಕೊಂಡದ್ದೇ ತಪ್ಪಾಯಿತು ಎಂದು ಅವರಿಗೆ ಅನಿಸಿದೆ, ಈ ಮನೆಯಲ್ಲಿ ನಾನು ಮಾನ ಕಳೆದುಕೊಂಡೆ ಎಂದುಕೊಂಡೆ. ಕಟ್ಟಿಗೆ ಬಂದೂಕನ್ನು ಎಮ್ಮೆಯ ಹೊಟ್ಟಿನ ಕೋಣೆಯಲ್ಲಿ ಮುಚ್ಚಿಟ್ಟೆ.

ಹೊರಡುವ ದಿನ ಬೆಳಿಗ್ಗೆ ನೇಸರಗಿಯ ಬಸ್ ಸ್ಟ್ಯಾಂಡಿನಲ್ಲಿ ಚೀಲ ಇಟ್ಟುಕೊಂಡು ನಿಂತಿದ್ದೆ. ಬೈಲಹೊಂಗಲಕ್ಕೆ ಹೋಗುವ ಹೆಂಗಸರು, ಕಾಲೇಜು ಹುಡುಗರು, ನಮ್ಮ ಓಣಿಯ ಶೆಟ್ಟೆವ್ವ, ಎಲ್ಲ ಇದ್ದರು. ಭಾವನವರು ಬ್ಯಾಂಕಿನ ನೀಲಿ ಅಂಗಿ ತೊಟ್ಟು ರಸ್ತೆ ದಾಟಿ ಬಂದರು. ಡ್ಯೂಟಿಯ ಬಸ್ಸಿಗೆ ಬಂದಿದ್ದಾರೆ ಎಂದುಕೊಂಡು ನಾನು ಸೆರಗು ಎಳೆದುಕೊಂಡು ಬದಿಗೆ ಸರಿದೆ. ಅವರು ಸೀದಾ ನನ್ನ ಮುಂದೆ ಬಂದು ನಿಂತರು.

"ತಂಗೀ," ಎಂದರು.

ಯಾರಿಗೋ ಎಂದುಕೊಂಡೆ. ಸುತ್ತ ಅತ್ತೆ ಇದ್ದಾರೇನೋ ಎಂದು ನೋಡಿದೆ.

"ಮೊನ್ನಿ ನಾ ನೋಡಿದ್ನಿ. ನೋಡಬಾರದಾಗಿತ್ತು, ನೋಡಿದ್ನಿ. ನೀ ಬಟ್ ತೋಳಿನ ಮ್ಯಾಗ ಇಡತಿ. ಅಲ್ಲಿಟ್ರ ಎಲುಬು ಮುರಿದೀತು, ಗುಂಡು ಗುರಿಗೆ ಹತ್ತೂದಿಲ್ಲ. ಎರಡ ದಿನಾ ಆತು, ಹೆಂಗ ಹೇಳಬೇಕಂತ ತಿಳೀವಲ್ದಾಗಿತ್ತು. ಯವ್ವನ ಕೈಲೆ ಹೇಳಿ ಕಳಸೂ ಮಾತಲ್ಲ ಇದು."

ಹೇಳುತ್ತ ಹೇಳುತ್ತ ಅಂಗಿಯ ಗುಂಡಿ ಬಿಚ್ಚಿದರು. ಒಂದು, ಎರಡು, ಮೂರು. ಬಲಗಡೆಯ ಅಂಗಿಯನ್ನು ಹೆಗಲಿನಿಂದ ಕೆಳಗೆ ಇಳಿಸಿದರು. ನಾನು ನೆಲ ನೋಡುತ್ತಿದ್ದೆ.

"ನೆಲ ಅಲ್ಲ, ಇಲ್ಲಿ ನೋಡು."

ನೋಡಿದೆ. ಕೊರಳ ಎಲುಬಿನ ಕೆಳಗೆ, ಹೆಗಲು ಮತ್ತು ಎದೆ ಕೂಡುವ ಕಡೆ ಒಂದು ತಗ್ಗು, ಅಲ್ಲಿ ತೊಗಲು ಅಂಗೈಯ ಹಾಗೆ ದಪ್ಪಗೆ ಗಟ್ಟಿಯಾಗಿತ್ತು. ಅಷ್ಟು ವರ್ಷ ಬಂದೂಕು ಒದ್ದ ಜಾಗ. ಅದರ ಮೇಲೆ ಎರಡು ಬೆರಳಿಟ್ಟು ತೋರಿಸಿದರು.

"ಒದಿತಾ ಬರೂದು ಬಂದ ಬರತೈತಿ. ಮದಲ ಕಣ್ಣು ಮುಚ್ಚಿದ್ರ ಅದೇನ ಕಡಿಮಿ ಆಗೂದಿಲ್ಲ, ಗುರಿ ಅಷ್ಟ ತಪ್ಪತೈತಿ. ಎದಿ ತಗದು ಹಿಡಿ. ಯಾರ ನೋಡಿದ್ರೂ ನೋಡ್ಲಿ ಬಿಡು."

ಅಂಗಿ ಏರಿಸಿಕೊಂಡು, ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು, ಬಂದ ದಾರಿಯಲ್ಲೇ ತಿರುಗಿ ಹೋದರು. ಸ್ಟ್ಯಾಂಡಿನ ಮಂದಿಯೆಲ್ಲ ಅವರ ಬೆನ್ನನ್ನೇ ನೋಡುತ್ತಿದ್ದರು. ಶೆಟ್ಟೆವ್ವ ಮಾತ್ರ ಬಾಯಿಯ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಭೂಮಿ ಬಾಯಿ ಬಿಟ್ಟಿದ್ದರೆ ಚೀಲದ ಸಮೇತ ಇಳಿದುಬಿಡುತ್ತಿದ್ದೆ. ಬಸ್ಸು ಬಂತು, ಹತ್ತಿದೆ.

ಮೈದಾನದಲ್ಲಿ ನನ್ನ ಪಾಳಿ ಬಂದಾಗ ಬೋರಲು ಮಲಗಿ, ಹೆಗಲು ಹಿಂದೆ ಸರಿಸಿ, ಎದೆ ತೆರೆದು, ಬಟ್ಟನ್ನು ಆ ತಗ್ಗಿನಲ್ಲಿ ಕೂಡಿಸಿದೆ. ನನ್ನ ಮೈಯಲ್ಲೂ ಅದಕ್ಕೆಂದೇ ಒಂದು ಜಾಗ ಇದ್ದದ್ದು ಕಂಡು ಆಶ್ಚರ್ಯವಾಯಿತು. ಹಿಂದೆ ಭರಮಪ್ಪ ಸಾಹೇಬರು ನಿಂತಿದ್ದರು, ಪಕ್ಕದಲ್ಲಿ ಸಾಲು ಸಾಲು ಜನ. ನೋಡಲಿ ಎಂದುಕೊಂಡೆ. ಟ್ರಿಗರ್ ಎಳೆದೆ. ಒದೆತ ಬಂತು, ಹೆಗಲಿನಿಂದ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ ಇಳಿದು ನೆಲಕ್ಕೆ ಹೋಯಿತು. ಕಣ್ಣು ತೆರೆದೇ ಇತ್ತು. ಟಾರ್ಗೆಟ್ಟಿನ ಹಿಂದಿನ ದಿಬ್ಬದಲ್ಲಿ ಮಣ್ಣು ಎದ್ದದ್ದನ್ನು ಮೊದಲ ಸಲ ನೋಡಿದೆ. ಹತ್ತರಲ್ಲಿ ಎಂಟು ನಡುವಿಗೆ ಬಿದ್ದಿದ್ದವು. ಸಾಹೇಬರು ಈ ಸಲ ಹೋಳಿಗೆಯ ಮಾತು ಆಡಲಿಲ್ಲ, ಹಾಳೆ ನೋಡಿ ತಲೆ ಆಡಿಸಿದರು. ಸಂಜೆ ಪೂನಮ್‌ಳ ಮಂಚದ ಹತ್ತಿರ ಹೋಗಿ, ನಾಚಿಕೆ ಇರಬೇಕಾಗಿದ್ದದ್ದು ನನ್ನ ನಾಲಿಗೆಗೆ ಎಂದೆ. ಅವಳು ನಕ್ಕು ತನ್ನ ಹಾಸಿಗೆಯಲ್ಲಿ ಜಾಗ ಮಾಡಿಕೊಟ್ಟಳು.

ತರಬೇತಿ ಮುಗಿಸಿ ಖಾಕಿಯಲ್ಲೇ ಮನೆಗೆ ಬಂದೆ. ಶೀತಲ ಈ ಸಲ ನನ್ನ ಕಡೆಗೇ ಓಡಿ ಬಂದಳು. ಅತ್ತೆ ಆರತಿ ಮಾಡಿದರು. ಆದರೆ ಪಡಸಾಲೆಯ ಗೂಟದಲ್ಲಿ ನೀಲಿ ಅಂಗಿ ಇರಲಿಲ್ಲ, ಮೂಲೆಯಲ್ಲಿ ಅವರ ಟ್ರಂಕೂ ಇರಲಿಲ್ಲ. ಕೇಳಿದೆ. ಬೈಲಹೊಂಗಲದಲ್ಲಿ ರೂಮು ಮಾಡಿದ್ದಾನೆ, ಡ್ಯೂಟಿಗೆ ಹತ್ತಿರವಾಗುತ್ತದೆ ಎಂದು ಅತ್ತೆ ಆರತಿ ತಟ್ಟೆ ನೋಡುತ್ತ ಹೇಳಿದರು. ಇಷ್ಟು ವರ್ಷ ಇಲ್ಲಿಂದ ಹೋಗಿ ಬರುತ್ತಿರಲಿಲ್ಲವೇ ಎಂದೆ. ಆಗ ಅವರು ಬಾಯಿ ಬಿಟ್ಟರು.

"ಓಣ್ಯಾಗ ಮಂದಿ ಏನೇನರೆ ಅನ್ನಾಕ ಹತ್ತಿದ್ರವಾ. ಹೇಣ್ತಿ ಸತ್ತ ರಂಡಮುಂಡ ಗಂಡಸು, ಸ್ಟ್ಯಾಂಡಿನ್ಯಾಗ ತಮ್ಮನ ಹೇಣ್ತಿ ಮುಂದ ಅಂಗಿ ಬಿಚ್ಚಿದಾ ಅಂತ. ನಾನ ಹೋಗಂದ್ನಿ ಅವಗ. ತಾಯಿ ಆಗಿ ನಾನ ಅಂದ್ನಿ."

ಅಷ್ಟರಲ್ಲಿ ಶೆಟ್ಟೆವ್ವ ಆರತಿ ನೋಡುವ ನೆಪದಲ್ಲಿ ಬಂದಳು. ಖಾಕಿ ಚೆನ್ನಾಗಿ ಒಪ್ಪುತ್ತದೆ ಎಂದಳು. ಆಮೇಲೆ ನಗುತ್ತ, ನಿಮ್ಮ ಭಾವ ಅವತ್ತು ಸ್ಟ್ಯಾಂಡಿನಲ್ಲಿ ಏನು ತೋರಿಸಿದರವ್ವ ಎಂದು ಕೇಳಿದಳು. ಸಿಡುಕಿ ಎಂದು ಹೆಸರಾದವಳು ನಾನು. ಹುಡುಗಿಯೊಬ್ಬಳು ಒಳ್ಳೆಯ ಮಾತು ಹೇಳಿದಾಗ ನಾಲ್ಕು ಮಂಚ ಕೇಳುವ ಹಾಗೆ ಕೂಗಿದವಳು. ಶೆಟ್ಟೆವ್ವನ ಮುಂದೆ ಕಣ್ಣು ಕೆಳಗೆ ಹಾಕಿ, ಮಗಳನ್ನು ಎತ್ತಿಕೊಂಡು ಒಳಗೆ ಹೋದೆ. ಖಾಲಿ ಬಂದೂಕಿಗೆ ಬೆದರಿದ ದಿನ ಕೂಡ ನನ್ನ ಬಗ್ಗೆ ನನಗೇ ಇಷ್ಟು ಅಸಹ್ಯವಾಗಿರಲಿಲ್ಲ. ಆ ಮನುಷ್ಯ ನನ್ನ ಸಲುವಾಗಿ ಊರ ನಡುವೆ ತನ್ನ ಮಾನ ತೆಗೆದಿಟ್ಟಿದ್ದ, ನಾನು ಅವರ ಪರವಾಗಿ ಒಂದು ಮಾತು ಆಡಲಾರದೆ ಹೋದೆ.

ಮರುದಿನ ಖಾಕಿ ತೊಟ್ಟು ಬೈಲಹೊಂಗಲಕ್ಕೆ ಹೋದೆ. ಬ್ಯಾಂಕಿನ ಮುಂದೆ ಸಂತೆಯ ದಿನದಷ್ಟು ಜನ. ನಮ್ಮೂರಿನವರೂ ಪಾಳಿಯಲ್ಲಿ ನಿಂತಿದ್ದರು. ಭಾವನವರು ಜೋಡುನಳಿಗೆಯ ಬಂದೂಕು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿದ ಕೂಡಲೇ ಮುಖ ನೋಟಿಸ್ ಬೋರ್ಡಿಗೆ ತಿರುಗಿತು. ನಾನು ಹತ್ತಿರ ಹೋಗಿ, ಮನೆಗೆ ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದೆ.

"ಆಕಿಗೆ ಯವ್ವಗ ಹೇಳಂತ ಹೇಳ್ರಿ, ಇಲ್ಲೆ ಆರಾಮ ಅದೇನಿ," ಎಂದು ಬೋರ್ಡಿಗೆ ಹೇಳಿದರು.

ಪಾಳಿಯಲ್ಲಿದ್ದವರು ನಮ್ಮ ಕಡೆ ತಿರುಗಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಿತ್ತು. ಕಣ್ಣು ಮುಚ್ಚಲಿಲ್ಲ.

"ಅತ್ತಿ ಇಲ್ಲಿಲ್ಲರಿ ಭಾವಾರ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನನಗ ಹೇಳ್ರಿ. ನೀವು ಅವತ್ತ ಸ್ಟ್ಯಾಂಡಿನ್ಯಾಗ ಬಂದೂಕಿನ ಜಾಗಾ ತೋರಿಸಿದ್ರಿ. ಅಲ್ಲೇ ಇಟ್ನಿ. ಪಾಸಾದ್ನಿ."

ಎರಡು ಬೆರಳನ್ನು ಖಾಕಿಯ ಮೇಲೆ, ಬಲ ಹೆಗಲಿನ ಒಳಗಿನ ಆ ತಗ್ಗಿಗೆ ಇಟ್ಟು ತೋರಿಸಿದೆ. ಅವರು ನಿಧಾನಕ್ಕೆ ತಿರುಗಿದರು. ಮೊದಲು ನನ್ನ ಬೆರಳು ನೋಡಿದರು, ಆಮೇಲೆ ಮುಖ. ಅವರ ಕಣ್ಣು ನನ್ನ ಯಜಮಾನರ ಕಣ್ಣಿನ ಹಾಗೇ ಇದ್ದವು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಅದು ಗೊತ್ತಿರಲಿಲ್ಲ.

"ಎಷ್ಟ ಬಿದ್ದೂ?" ಎಂದರು.

"ಎಂಟರಿ. ನಡುವ."

"ಇನ್ನೆರಡು?"

"ಉಸಿರು ಹಿಡಿಯೂದು ತಪ್ಪಿತ್ರಿ."

ಅವರು ಸ್ವಲ್ಪ ಹೊತ್ತು ಯೋಚಿಸಿದರು, ತಪ್ಪಿದ ಎರಡು ಗುಂಡು ಎತ್ತ ಹೋಗಿರಬಹುದೆಂದು ಲೆಕ್ಕ ಹಾಕುವ ಹಾಗೆ. ಸಂಜೆಯ ಬಸ್ಸಿಗೆ ಬರುತ್ತೇನೆ, ಟ್ರಂಕು ನಾಳೆ ತಂದರಾಯಿತು ಎಂದರು. ಪಾಳಿ ಮುಂದಕ್ಕೆ ಸರಿಯಿತು. ಆ ಮಾತನ್ನು ಅವರು ಬೋರ್ಡಿಗೆ ಹೇಳಲಿಲ್ಲ, ನನಗೇ ಹೇಳಿದರು.